ಪ್ರಶ್ನೆಗೂ ಮೊದಲೇ ಪ್ರಮಾಣ

(ಕಾನೂನು ಕಾಲೇಜೊಂದರ ವಿದ್ಯಾರ್ಥಿ ಸಂಘದಲ್ಲಿ ನಮ್ಮ ವರದಿಗಾರರು ಮಾಡಿದ ಭಾಷಣದ ಬರಹ ರೂಪ)



ನಾನು ಕಾನೂನು ಓದಿದವನಲ್ಲ. ಪತ್ರಿಕೋದ್ಯಮದ ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿದವನನ್ನು ಮೊದಲು ಕೋರ್ಟು ವರದಿಗೆ ಹಾಕಿದರು. ಅಲ್ಲಿ ಕುಳಿತ ಮೊದಲ ವಾರವೇ ನನಗೊಂದು ಅನುಮಾನ ಬಂತು. ಸಾಕ್ಷಿ ಕಟಕಟೆ ಹತ್ತಿದ ಕೂಡಲೇ ‘ಸತ್ಯವನ್ನೇ ಹೇಳುತ್ತೇನೆ’ ಎಂದು ಪ್ರಮಾಣ ಮಾಡಿಸುತ್ತಾರೆ. ಆದರೆ ಆರೋಪಿಯನ್ನು ನ್ಯಾಯಾಧೀಶರು ಪ್ರಶ್ನಿಸುವಾಗ ಪ್ರಮಾಣವೇ ಇಲ್ಲ! ಬೆಂಚ್ ಕ್ಲರ್ಕ್ ಮರೆತಿರಬೇಕು ಎಂದುಕೊಂಡೆ. ಪಕ್ಕದಲ್ಲಿದ್ದ ಹಿರಿಯ ವಕೀಲರೊಬ್ಬರನ್ನು ಕೇಳಿದೆ. ಅವರು ನಕ್ಕು, ‘ಜೈಲಿನ ಭಯ ಒಂದು ಸಾಲದೇನಪ್ಪಾ, ನರಕದ ಭಯವೂ ಬೇಕೆ?’ ಎಂದರು.

ನಿಮಗೆ ಇದು ಗೊತ್ತಿರುವ ವಿಷಯ. ದಂಡ ಪ್ರಕ್ರಿಯಾ ಸಂಹಿತೆಯ 313ನೇ ಕಲಂ, 2024ರ ಜುಲೈಯಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 351. ಆರೋಪಿ ತಾನಾಗಿಯೇ ಸಾಕ್ಷಿ ಹೇಳಲು ಬಯಸಿದರೆ ಆ ಮಾತು ಬೇರೆ. ನ್ಯಾಯಾಧೀಶರು ಈ ಕಲಮಿನಡಿ ಪ್ರಶ್ನಿಸುವಾಗ ಅವನಿಗೆ ಪ್ರಮಾಣ ಮಾಡಿಸುವಂತಿಲ್ಲ, ಅವನು ಉತ್ತರ ಕೊಡದಿದ್ದರೆ ಶಿಕ್ಷಿಸುವಂತೆಯೂ ಇಲ್ಲ. ಆದರೆ ಆ ವಕೀಲರ ತಮಾಷೆಯ ಹಿಂದೆ ಇರುವ ಕಥೆ ನಾಲ್ಕು ನೂರು ವರ್ಷ ಹಳೆಯದು, ಮತ್ತು ಅದು ನಡೆದದ್ದು ಇಂಗ್ಲೆಂಡಿನ ಪಾದ್ರಿಗಳ ನಡುವೆ ಎಂಬುದು ನನಗೆ ಗೊತ್ತಾದದ್ದು ಆಮೇಲೆ. ಇಂದು ಹೇಳಹೊರಟಿರುವುದು ಆ ಕಥೆಯನ್ನು.

ಎಂಟನೇ ಹೆನ್ರಿ 1534ರಲ್ಲಿ ಪೋಪನ ಸಂಬಂಧ ಕಡಿದುಕೊಂಡು ಇಂಗ್ಲೆಂಡಿನ ಚರ್ಚಿಗೆ ತಾನೇ ಮುಖ್ಯಸ್ಥನಾದ ಸಂಗತಿಯನ್ನು ಶಾಲೆಯಲ್ಲೇ ಓದಿದ್ದೇವೆ. ಶಾಲೆಯಲ್ಲಿ ಹೇಳದೇ ಬಿಟ್ಟದ್ದು ಒಂದಿದೆ. ತಲೆ ಬದಲಾಯಿತು, ಮೈ ಹಾಗೆಯೇ ಉಳಿಯಿತು. ಚರ್ಚಿನ ನ್ಯಾಯಾಲಯಗಳು ಹಿಂದಿನಂತೆಯೇ ನಡೆದವು. ಮದುವೆ ಊರ್ಜಿತವೇ ಅಲ್ಲವೇ, ಉಯಿಲು ಸರಿಯೇ, ಊರವರು ಪಾದ್ರಿಗೆ ಕೊಡಬೇಕಾದ ಹತ್ತನೇ ಒಂದು ಪಾಲು ಕೊಟ್ಟರೇ, ಯಾರು ಯಾರನ್ನು ಹಾದರಗಿತ್ತಿ ಎಂದು ಬೈದರು, ಭಾನುವಾರ ಚರ್ಚಿಗೆ ಯಾರು ಬರಲಿಲ್ಲ – ಇವೆಲ್ಲ ಅಲ್ಲಿಯೇ ತೀರ್ಮಾನವಾಗಬೇಕು. ಉಯಿಲಿನ ವ್ಯವಹಾರವಂತೂ 1857ರ ಕಾಯ್ದೆ ಬರುವ ತನಕ ಚರ್ಚಿನ ಕೈಯಲ್ಲೇ ಇತ್ತು.

ಹೀಗಾಗಿ ಇಂಗ್ಲೆಂಡಿನಲ್ಲಿ ವಕೀಲರಲ್ಲೇ ಎರಡು ಪಂಗಡಗಳಾದವು. ಒಂದು, ರಾಜನ ಸಾಮಾನ್ಯ ನ್ಯಾಯಾಲಯಗಳಲ್ಲಿ ವಾದಿಸುವ ‘ಕಾಮನ್ ಲಾ’ ವಕೀಲರು. ಇವರು ಲಂಡನ್ನಿನ ‘ಇನ್’ಗಳೆಂಬ ವಕೀಲರ ವಸತಿಗಳಲ್ಲಿ ಪಳಗಿದವರು. ಇನ್ನೊಂದು, ಆಕ್ಸ್‌ಫರ್ಡ್ ಕೇಂಬ್ರಿಜ್‌ಗಳಲ್ಲಿ ಲ್ಯಾಟಿನ್ನಿನಲ್ಲಿ ರೋಮನ್ ಕಾನೂನು ಓದಿ ಡಾಕ್ಟರ್ ಪದವಿ ಪಡೆದ ಚರ್ಚ್ ವಕೀಲರು. ಸೇಂಟ್ ಪಾಲ್ ಕೆಥೆಡ್ರಲ್ ಹತ್ತಿರ ‘ಡಾಕ್ಟರ್ಸ್ ಕಾಮನ್ಸ್’ ಎಂಬುದು ಇವರ ಬಿಡಾರ. (ಎಷ್ಟೋ ಕಾಲದ ನಂತರ ಇದೇ ಡಾಕ್ಟರ್ಸ್ ಕಾಮನ್ಸ್‌ನಲ್ಲಿ ಒಬ್ಬ ಹುಡುಗ ಕೋರ್ಟು ವರದಿಗಾರನಾಗಿದ್ದ. ಹೆಸರು ಚಾರ್ಲ್ಸ್ ಡಿಕನ್ಸ್. ನಮ್ಮ ಕಸುಬಿನವರಿಗೆ ಇದೊಂದು ಸಮಾಧಾನ.) 1535ರಲ್ಲಿ ವಿಶ್ವವಿದ್ಯಾಲಯಗಳಲ್ಲಿ ಚರ್ಚ್ ಕಾನೂನಿನ ಬೋಧನೆಯನ್ನು ನಿಲ್ಲಿಸಿದ್ದರು. ಅದು ಪೋಪನ ಕಾನೂನಲ್ಲವೇ! ಆದರೆ ಕೋರ್ಟುಗಳಲ್ಲಿ ಅದೇ ನಡೆಯುತ್ತಿತ್ತು. ಕಲಿಸದ ಕಾನೂನಿನ ಮೇಲೆ ತೀರ್ಪು ಕೊಡುತ್ತಿದ್ದವರು ಇವರು.

ಎಲಿಜಬೆತ್ ರಾಣಿಯಾದ ಮೇಲೆ 1559ರ ಕಾಯ್ದೆ ಆಕೆಗೆ ಒಂದು ವಿಶೇಷಾಧಿಕಾರ ಕೊಟ್ಟಿತು. ಚರ್ಚಿನ ವಿಷಯಗಳನ್ನು ವಿಚಾರಿಸಲು ತನಗೆ ಬೇಕಾದವರನ್ನು ಆಯೋಗವಾಗಿ ನೇಮಿಸಬಹುದು. ಬಿಷಪ್ಪರು, ಚರ್ಚ್ ವಕೀಲರು, ಕೆಲವು ಅಧಿಕಾರಿಗಳು ಸೇರಿದ ಇದೇ ಬರಬರುತ್ತಾ ‘ಹೈ ಕಮಿಷನ್’ ಎಂಬ ಕೋರ್ಟಾಯಿತು. ಮಾಮೂಲು ಚರ್ಚ್ ಕೋರ್ಟು ಹೆಚ್ಚೆಂದರೆ ಬಹಿಷ್ಕಾರ ಹಾಕಬಹುದು, ಬಿಳಿ ಬಟ್ಟೆ ಉಡಿಸಿ ಎಲ್ಲರೆದುರು ಪ್ರಾಯಶ್ಚಿತ್ತ ಮಾಡಿಸಬಹುದು. ಹೈ ಕಮಿಷನ್ ದಂಡ ಹಾಕುತ್ತಿತ್ತು, ಜೈಲಿಗೂ ಕಳಿಸುತ್ತಿತ್ತು.

ಜೈಲಿಗೆ ಯಾರನ್ನು? ಪ್ಯೂರಿಟನ್ ಪಾದ್ರಿಗಳನ್ನು. ಇವರು ಚರ್ಚಿನ ಹೊರಗಿನವರಲ್ಲ, ಒಳಗಿನವರೇ. ಸುಧಾರಣೆ ಅರ್ಧಕ್ಕೆ ನಿಂತಿದೆ, ಪಾದ್ರಿಯ ಬಿಳಿ ನಿಲುವಂಗಿ, ದೀಕ್ಷಾಸ್ನಾನದಲ್ಲಿ ಹಣೆಗೆ ಶಿಲುಬೆ ಗುರುತು, ಮದುವೆಯುಂಗುರ, ಇವೆಲ್ಲ ರೋಮಿನ ಉಳಿಕೆ ಎಂಬುದು ಅವರ ವಾದ. ಉಂಗುರಕ್ಕೂ ಅಂಗಿಗೂ ಇಷ್ಟು ಜಗಳವೇ ಎಂದು ನಮಗೆ ಅನಿಸಬಹುದು. ಆದರೆ ರಾಣಿಯೇ ಚರ್ಚಿನ ಒಡತಿಯಾಗಿರುವಾಗ ಅಂಗಿ ತೊಡೆನು ಎನ್ನುವುದು ರಾಣಿಯ ಮಾತು ಕೇಳೆನು ಎಂದಂತೆ.

1583ರಲ್ಲಿ ಜಾನ್ ವಿಟ್‌ಗಿಫ್ಟ್ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಆದರು. ಬಂದವರೇ ಪಾದ್ರಿಗಳೆಲ್ಲ ಮೂರು ಮಾತುಗಳಿಗೆ ಸಹಿ ಹಾಕಬೇಕೆಂದರು. ಮರುವರ್ಷ 24 ಪ್ರಶ್ನೆಗಳ ಪಟ್ಟಿ ಸಿದ್ಧವಾಯಿತು. ಅನುಮಾನ ಬಂದ ಪಾದ್ರಿಯನ್ನು ಕರೆಸಿ ಇವಕ್ಕೆ ಪ್ರಮಾಣದ ಮೇಲೆ ಉತ್ತರ ಪಡೆಯುವುದು ಕ್ರಮ. ರಾಣಿಯ ಹಿರಿಯ ಮಂತ್ರಿ ಬರ್ಲಿ ಪ್ರಭು ಅದನ್ನು ಓದಿ, ಸ್ಪೇನಿನ ಧರ್ಮವಿಚಾರಣೆಯವರೂ ಇಷ್ಟೊಂದು ಪ್ರಶ್ನೆ ಹೂಡಿ ಬೇಟೆ ಹಿಡಿಯಲಾರರು ಎಂಬರ್ಥದಲ್ಲಿ 1584ರ ಜುಲೈಯಲ್ಲಿ ಆರ್ಚ್‌ಬಿಷಪ್ಪರಿಗೆ ಕಾಗದ ಬರೆದರು. ವಿಟ್‌ಗಿಫ್ಟ್ ಜಗ್ಗಲಿಲ್ಲ. ರಾಣಿ ಅವರ ಬೆನ್ನಿಗಿದ್ದರು.

ಈ ಪ್ರಮಾಣಕ್ಕೆ ‘ಎಕ್ಸ್ ಅಫಿಷಿಯೊ’ ಪ್ರಮಾಣ ಎಂದು ಹೆಸರು. ದೂರುದಾರ ಇಲ್ಲದಿದ್ದರೂ ನ್ಯಾಯಾಧೀಶ ತನ್ನ ಹುದ್ದೆಯ ಬಲದಿಂದಲೇ ವಿಚಾರಣೆ ಆರಂಭಿಸಬಹುದು ಎಂಬುದು ಅದರ ಅರ್ಥ. ಕರೆ ಬರುತ್ತದೆ, ಏಕೆಂದು ಹೇಳುವುದಿಲ್ಲ. ಹೋದರೆ ಬೈಬಲ್ ಮುಂದಿಟ್ಟು, ಕೇಳಿದ್ದಕ್ಕೆಲ್ಲ ನಿಜ ಹೇಳುತ್ತೇನೆ ಎಂದು ಪ್ರಮಾಣ ಮಾಡು ಎನ್ನುತ್ತಾರೆ. ಆರೋಪ ಏನು, ಹೇಳಿದವರು ಯಾರು ಎಂಬುದು ತಿಳಿಯುವುದು ಪ್ರಮಾಣ ಮಾಡಿದ ಮೇಲೆ.

ಪಾದ್ರಿಯ ಜಾಗದಲ್ಲಿ ನಿಂತು ನೋಡಿ. ನಿಜ ಹೇಳಿದರೆ ತನ್ನ ಬಾಯಿಂದಲೇ ತನಗೆ ಶಿಕ್ಷೆ. ತನಗಷ್ಟೇ ಆದರೆ ಸಹಿಸಬಹುದಿತ್ತು. ಮುಂದಿನ ಪ್ರಶ್ನೆ, ‘ಆ ರಾತ್ರಿಯ ಸಭೆಯಲ್ಲಿ ಇನ್ನು ಯಾರು ಯಾರಿದ್ದರು?’ ಸುಳ್ಳು ಹೇಳಿದರೆ ದೇವರ ಹೆಸರಿನಲ್ಲಿ ಮಾಡಿದ ಪ್ರಮಾಣ ಮುರಿದ ಪಾಪ, ಅದೂ ನರಕವನ್ನು ಕಣ್ಣಿಗೆ ಕಟ್ಟಿದಂತೆ ನಂಬಿದ್ದ ಮನುಷ್ಯನಿಗೆ. ಪ್ರಮಾಣವೇ ಮಾಡೆನು ಎಂದರೆ ನ್ಯಾಯಾಲಯಕ್ಕೆ ಅವಿಧೇಯತೆ, ಒಪ್ಪುವ ತನಕ ಸೆರೆ. ಪ್ಯೂರಿಟನ್ನರ ನಾಯಕ ತಾಮಸ್ ಕಾರ್ಟ್‌ರೈಟ್ ಮತ್ತು ಅವನ ಸಂಗಡಿಗರು 1590ರಲ್ಲಿ ಈ ಮೂರನೆಯದನ್ನೇ ಆರಿಸಿಕೊಂಡರು. ಸ್ಟಾರ್ ಚೇಂಬರ್ ಕೋರ್ಟಿನ ತನಕ ಎಳೆದಾಡಿಸಿಕೊಂಡು, 1592ರಲ್ಲಿ ಹೊರಬಂದರು.

ಚರ್ಚ್ ವಕೀಲರೆಲ್ಲ ಕ್ರೂರಿಗಳು ಎಂದು ನಾನು ಹೇಳುತ್ತಿಲ್ಲ. ಅವರ ಪೈಕಿ ರಿಚರ್ಡ್ ಕೋಸಿನ್ ದೊಡ್ಡ ವಿದ್ವಾಂಸ, ವಿಟ್‌ಗಿಫ್ಟರ ಬಲಗೈ. 1591ರಲ್ಲಿ ಈ ಪದ್ಧತಿಯ ಸಮರ್ಥನೆಗೆಂದೇ ಪುಸ್ತಕ ಬರೆದ, ಎರಡು ವರ್ಷಕ್ಕೆ ಅದನ್ನು ಇನ್ನೂ ಹಿಗ್ಗಿಸಿದ. ಗುಟ್ಟಾಗಿ ನಡೆಯುವ ತಪ್ಪಿಗೆ ಸಾಕ್ಷಿ ಎಲ್ಲಿಂದ ತರುವುದು? ಊರೆಲ್ಲ ಗುಸುಗುಸು ಎದ್ದಿದ್ದರೂ ಮುಂದೆ ಬಂದು ದೂರು ಕೊಡುವವರು ಯಾರು? ಕೇಳದೇ ಬಿಟ್ಟರೆ ತಪ್ಪಿತಸ್ಥ ಆರಾಮವಾಗಿರುತ್ತಾನೆ. ಇದು ಅವರ ವಾದದ ಧಾಟಿ. ಭ್ರಷ್ಟಾಚಾರದ ಪ್ರಕರಣಗಳ ವರದಿ ಮಾಡಿದ ನನಗೆ ಈ ವಾದ ಪೂರ್ತಿ ಪೊಳ್ಳು ಅನಿಸುವುದಿಲ್ಲ.

ಆದರೆ ಸ್ವಾರಸ್ಯ ಇರುವುದು ಇಲ್ಲಿ. ‘ನೆಮೊ ಟೆನೆಟುರ್ ಪ್ರೊಡೆರೆ ಸೆಯಿಪ್ಸುಮ್’, ಅಂದರೆ ಯಾರೂ ತಮ್ಮನ್ನು ತಾವೇ ಹಿಡಿದುಕೊಡಬೇಕಾಗಿಲ್ಲ ಎಂಬ ಸೂತ್ರ ಬಂದದ್ದು ಎಲ್ಲಿಂದ? ಕಾಮನ್ ಲಾ ಪುಸ್ತಕಗಳಿಂದಲ್ಲ, ಚರ್ಚ್ ವಕೀಲರ ಸ್ವಂತ ಗ್ರಂಥಗಳಿಂದ! ದೇವರ ಮುಂದೆ ತಪ್ಪೊಪ್ಪಿಕೊ, ಆದರೆ ಬೀದಿಯಲ್ಲಿ ನಿನ್ನನ್ನು ನೀನೇ ಬಯಲಿಗೆಳೆದುಕೊ ಎಂದು ನಾನು ಹೇಳುವುದಿಲ್ಲ ಎಂದ ಪ್ರಾಚೀನ ಧರ್ಮಗುರು ಕ್ರಿಸೊಸ್ಟಮನ ಮಾತಿನ ತನಕ ಅದರ ಬೇರು ಹೋಗುತ್ತದೆ. ಮಧ್ಯಯುಗದ ಚರ್ಚ್ ಪಂಡಿತರು ಅದನ್ನು ನಿಯಮವಾಗಿಸಿ, ಜೊತೆಗೆ ಒಂದು ಬಾಗಿಲನ್ನೂ ತೆರೆದಿಟ್ಟಿದ್ದರು. ಊರಲ್ಲಿ ದೊಡ್ಡ ಅಪಕೀರ್ತಿ ಹಬ್ಬಿದ್ದರೆ ನ್ಯಾಯಾಧೀಶ ಪ್ರಮಾಣ ಮಾಡಿಸಿ ಕೇಳಬಹುದು ಎಂದು. ಪ್ಯೂರಿಟನ್ನರು ನಿಯಮವನ್ನು ಹಿಡಿದರು, ಕೋಸಿನ್ ಬಾಗಿಲನ್ನು ಹಿಡಿದ. ಇಬ್ಬರ ಕೈಯಲ್ಲೂ ಒಂದೇ ಪುಸ್ತಕ.

ಈಗ ಒಬ್ಬ ಹಳ್ಳಿ ಪಾದ್ರಿಯ ಸಂಗತಿ. ರಟ್ಲೆಂಡ್ ಎಂಬ ಪುಟ್ಟ ಜಿಲ್ಲೆಯ ಸೌತ್ ಲಫನಮ್‌ನಲ್ಲಿ ರಾಬರ್ಟ್ ಕಾಡ್ರಿ ಎಂಬಾತ ಇದ್ದ. ಪ್ರಾರ್ಥನಾ ಪುಸ್ತಕದ ವಿರುದ್ಧ ಮಾತಾಡಿದ, ಅದರಂತೆ ನಡೆಯಲಿಲ್ಲ ಎಂದು ಹೈ ಕಮಿಷನ್ 1587ರಲ್ಲಿ ಅವನ ಹುದ್ದೆ ಕಿತ್ತುಕೊಂಡಿತು. ಹುದ್ದೆ ಹೋಯಿತೆಂದರೆ ಮನೆಯೂ ಹೋಯಿತು, ಮಕ್ಕಳ ಅನ್ನವೂ ಹೋಯಿತು. ಕಾಡ್ರಿ ಸುಮ್ಮನಿರಲಿಲ್ಲ. ಸಂಸತ್ತಿನ ಕಾಯ್ದೆಯ ಪ್ರಕಾರ ಮೊದಲ ತಪ್ಪಿಗೆ ಸೆರೆವಾಸ, ಎರಡನೇ ತಪ್ಪಿಗೆ ಮಾತ್ರ ವಜಾ. ಮೊದಲ ಸಲಕ್ಕೇ ನನ್ನನ್ನು ತೆಗೆದದ್ದು ಹೇಗೆ ಎಂದು ಕಾಮನ್ ಲಾ ಕೋರ್ಟಿಗೆ ಹೋದ. ಜೇಮ್ಸ್ ಮೋರಿಸ್ ಎಂಬ ವಕೀಲನ ನೆರವು ಸಿಕ್ಕಿತು. 1591ರಲ್ಲಿ ತೀರ್ಪು ಬಂತು. ಕಾಡ್ರಿ ಸೋತ. ಚರ್ಚಿನ ಮೇಲಿನ ರಾಣಿಯ ಅಧಿಕಾರ ಕಾಯ್ದೆಯಿಂದ ಬಂದದ್ದಲ್ಲ, ಅದು ಕಿರೀಟದ ಜೊತೆಗೇ ಇರುವುದು, ಕಾಯ್ದೆಯ ಮಿತಿ ಅದಕ್ಕಿಲ್ಲ ಎಂದರು ನ್ಯಾಯಾಧೀಶರು.

ಕಾಡ್ರಿಯ ಹೆಸರನ್ನು ನೀವು ಇನ್ನೆಲ್ಲಾದರೂ ಕೇಳಿದ್ದೀರಾ? 1604ರಲ್ಲಿ ಇಂಗ್ಲಿಷಿನ ಕಠಿಣ ಪದಗಳಿಗೆ ಇಂಗ್ಲಿಷಿನಲ್ಲೇ ಅರ್ಥ ಕೊಡುವ ಪುಸ್ತಕ ಒಂದು ಬಂತು. ಸುಮಾರು 2500 ಪದಗಳು, ಅಕಾರಾದಿ ಕ್ರಮದಲ್ಲಿ. ಇಂಗ್ಲಿಷಿನ ಮೊದಲ ಏಕಭಾಷಾ ನಿಘಂಟು ಎಂದು ಎಣಿಸಲಾಗಿರುವ ಈ ಪುಸ್ತಕದ ಕರ್ತೃ ಇದೇ ಕಾಡ್ರಿ. ಕೆಲಸ ಕಳೆದುಕೊಂಡ ಪಾದ್ರಿ. ಮೊದಲ ಮುದ್ರಣದ ಒಂದೇ ಒಂದು ಪ್ರತಿ ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯದಲ್ಲಿ ಉಳಿದಿದೆ.

ಅವನಿಗೆ ನೆರವಾದ ಮೋರಿಸ್ ಸಂಸತ್ ಸದಸ್ಯನೂ ಆಗಿದ್ದ. 1593ರ ಫೆಬ್ರುವರಿಯಲ್ಲಿ ಈ ಪ್ರಮಾಣ ಪದ್ಧತಿಯ ವಿರುದ್ಧ ಸದನದಲ್ಲೇ ಮಸೂದೆ ತಂದ. ರಾಣಿ ಕೂಡಲೇ ಸ್ಪೀಕರನ್ನು ಕರೆಸಿಕೊಂಡು, ಚರ್ಚಿನ ವಿಷಯದ ಮಸೂದೆಗಳನ್ನು ಓದಲೇಕೂಡದು ಎಂದು ಹೇಳಿ ಕಳಿಸಿದರು. ಮೋರಿಸನನ್ನು ಮಂತ್ರಿಯೊಬ್ಬರ ಮನೆಯಲ್ಲಿ ಕೆಲವು ವಾರ ಕೂಡಿಹಾಕಲಾಯಿತು. ರಾಣಿಯ ಆ ಮಾತನ್ನು ವಿನಯದಿಂದ ಸದನಕ್ಕೆ ತಂದು ಒಪ್ಪಿಸಿದ ಸ್ಪೀಕರ್ ಯಾರು ಗೊತ್ತೇ? ಎಡ್ವರ್ಡ್ ಕೋಕ್. ನಿಮ್ಮ ಪಠ್ಯಪುಸ್ತಕಗಳಲ್ಲಿ ಕಾನೂನಿನ ಪ್ರಭುತ್ವದ ಮಹಾಪುರುಷನಾಗಿ ಬರುವ ಅದೇ ಕೋಕ್. ಮನುಷ್ಯರು ಕುರ್ಚಿ ಬದಲಾದಂತೆ ಬದಲಾಗುತ್ತಾರೆ. ಈತ ಒಳ್ಳೆಯ ದಿಕ್ಕಿಗೆ ಬದಲಾದ ಎನ್ನಬೇಕಷ್ಟೆ.

1603ರಲ್ಲಿ ಜೇಮ್ಸ್ ರಾಜ ಬಂದ. ಪ್ಯೂರಿಟನ್ನರು ದಾರಿಯಲ್ಲೇ ಅವನಿಗೆ ಮನವಿ ಕೊಟ್ಟರು. ಜನ ತಮ್ಮ ಮೇಲೆ ತಾವೇ ಆರೋಪ ಹೊರಿಸಿಕೊಳ್ಳುವಂತೆ ಮಾಡುವ ಪ್ರಮಾಣವನ್ನು ಸ್ವಲ್ಪ ಕಡಿಮೆ ಬಳಸಿ ಎಂದಷ್ಟೇ ಅದರಲ್ಲಿ ಕೇಳಿದ್ದರು, ತೆಗೆದುಹಾಕಿ ಎಂದಲ್ಲ. ಪ್ರಯೋಜನವಾಗಲಿಲ್ಲ. 1604ರಲ್ಲಿ 141 ಹೊಸ ಚರ್ಚ್ ನಿಯಮಗಳು ಬಂದವು. ಆ ವರ್ಷದ ಕೊನೆಗೆ ಆರ್ಚ್‌ಬಿಷಪ್ ಆದ ರಿಚರ್ಡ್ ಬ್ಯಾಂಕ್ರಾಫ್ಟ್ ಅವುಗಳನ್ನು ಬಿಗಿಯಾಗಿ ಜಾರಿಗೆ ತಂದರು. ಹಲವು ಪಾದ್ರಿಗಳು ಹುದ್ದೆ ಕಳೆದುಕೊಂಡರು.

ಈ ಘಟ್ಟದಲ್ಲಿ ನನಗೆ ಅತ್ಯಂತ ಹತ್ತಿರವೆನಿಸುವ ವ್ಯಕ್ತಿ ಕೋಕ್ ಅಲ್ಲ, ನಿಕೊಲಸ್ ಫುಲ್ಲರ್ ಎಂಬ ವಕೀಲ. ಪ್ರಮಾಣ ಮಾಡಲು ಒಪ್ಪದೆ ಸೆರೆಯಲ್ಲಿದ್ದ ಒಬ್ಬ ವ್ಯಾಪಾರಿ, ಒಬ್ಬ ಪಾದ್ರಿಯ ಪರ 1607ರಲ್ಲಿ ವಾದಿಸಿದ. ಹೈ ಕಮಿಷನ್ನಿಗೆ ಜನರನ್ನು ಜೈಲಿಗೆ ಹಾಕುವ ಅಧಿಕಾರವೇ ಇಲ್ಲ ಎಂಬುದು ಅವನ ವಾದ. ವಾದದ ಭರದಲ್ಲಿ ಕಮಿಷನ್ನನ್ನು ಕಟುವಾಗಿ ಟೀಕಿಸಿದ. ಕಮಿಷನ್ ಏನು ಮಾಡಿತು? ವಕೀಲನನ್ನೇ ಹಿಡಿಸಿ, ದಂಡ ಹಾಕಿ, ಒಳಗೆ ಕೂರಿಸಿತು. ಕಕ್ಷಿದಾರನ ಪರ ಮಾತಾಡಿದ್ದೇ ಅಪರಾಧ. ನಾಳೆ ಕರಿಕೋಟು ತೊಡುವ ನೀವು ಈ ಹೆಸರನ್ನು ನೆನಪಿಡಬೇಕು ಎಂದು ನನ್ನ ಆಸೆ.

ಅಷ್ಟರಲ್ಲಿ ಕೋಕ್ ಮುಖ್ಯ ನ್ಯಾಯಾಧೀಶನಾಗಿದ್ದ. ಪ್ರಶ್ನೆಗಳ ಪ್ರತಿ ಮೊದಲೇ ಕೊಡದೆ ಯಾರಿಗೂ ಪ್ರಮಾಣ ಮಾಡಿಸಕೂಡದು, ಗೃಹಸ್ಥರಿಗಾದರೆ ಮದುವೆ ಮತ್ತು ಉಯಿಲಿನ ವ್ಯಾಜ್ಯಗಳಲ್ಲಿ ಮಾತ್ರ ಮಾಡಿಸಬಹುದು ಎಂದು ಅವನೂ ಇನ್ನೊಬ್ಬ ಮುಖ್ಯ ನ್ಯಾಯಾಧೀಶನೂ ಅಭಿಪ್ರಾಯ ಕೊಟ್ಟರು. ಪಾದ್ರಿಗಳಿಗೆ ಈ ರಕ್ಷಣೆ ಪೂರ್ತಿ ಸಿಗಲಿಲ್ಲ ಎಂಬುದನ್ನು ಮರೆಯುವಂತಿಲ್ಲ. ಚರ್ಚ್ ಕೋರ್ಟುಗಳ ವಿಚಾರಣೆಗಳಿಗೆ ಕೋಕ್ ತಡೆಯಾಜ್ಞೆಗಳನ್ನು ಕೊಡತೊಡಗಿದ. ಬ್ಯಾಂಕ್ರಾಫ್ಟ್ ರಾಜನಿಗೆ ದೂರಿದರು. ಇದರ ಹಿಂದೆ ಧರ್ಮಸೂಕ್ಷ್ಮದ ಜೊತೆಗೆ ಹೊಟ್ಟೆಪಾಡಿನ ಜಗಳವೂ ಇತ್ತು. ಕೇಸು ಎಲ್ಲಿ ನಡೆಯುತ್ತದೋ ಶುಲ್ಕವೂ ಅಲ್ಲಿಗೇ ಸಲ್ಲುತ್ತದಲ್ಲ.

1608ರ ನವೆಂಬರಿನಲ್ಲಿ ರಾಜನೆದುರು ಇಬ್ಬರ ಮುಖಾಮುಖಿ ನಡೆಯಿತು. ರಾಜ ದೇವರಿಗೂ ಕಾನೂನಿಗೂ ಅಧೀನ ಎಂದು ತಾನು ಧೈರ್ಯವಾಗಿ ಹೇಳಿದೆ ಎಂದು ಕೋಕ್ ಸ್ವತಃ ಬರೆದಿಟ್ಟಿದ್ದಾನೆ. ಆದರೆ ಅದೇ ಕಾಲದ ಇನ್ನೊಂದು ಕಾಗದದ ಪ್ರಕಾರ, ರಾಜ ಸಿಟ್ಟಿನಿಂದ ಎದ್ದಾಗ ಕೋಕ್ ನೆಲಕ್ಕೆ ಬಿದ್ದು ಕ್ಷಮೆ ಬೇಡಿದ. ಒಂದೇ ಸಭೆಗೆ ಎರಡು ವರದಿ! ಎರಡೂ ನಿಜವಿರಬಹುದು.

ಇನ್ನೊಂದು ನಿಘಂಟಿನ ಮಾತನ್ನೂ ಹೇಳಿಬಿಡುತ್ತೇನೆ. ಕೇಂಬ್ರಿಜ್‌ನ ರೋಮನ್ ಕಾನೂನು ಪ್ರಾಧ್ಯಾಪಕ ಜಾನ್ ಕೊವೆಲ್ 1607ರಲ್ಲಿ ಕಾನೂನು ಪದಗಳ ಕೋಶ ಪ್ರಕಟಿಸಿದ. ಅರ್ಪಣೆ ಬ್ಯಾಂಕ್ರಾಫ್ಟರಿಗೆ. ‘ರಾಜ’ ಎಂಬ ಪದಕ್ಕೆ ಅರ್ಥ ಬರೆಯುವಾಗ ಆತ ಕಾನೂನಿಗಿಂತ ಮೇಲಿನವನು ಎಂದುಬಿಟ್ಟ. ಸಂಸತ್ತು ಕೆರಳಿತು. 1610ರಲ್ಲಿ ರಾಜನೇ ಘೋಷಣೆ ಹೊರಡಿಸಿ ಆ ಪುಸ್ತಕವನ್ನು ಅಡಗಿಸಬೇಕಾಯಿತು. ಕೆಲಸ ಕಳೆದುಕೊಂಡ ಪಾದ್ರಿಯ ನಿಘಂಟು ಮರುಮುದ್ರಣಗಳನ್ನು ಕಂಡಿತು, ಆರ್ಚ್‌ಬಿಷಪ್ಪರ ಆಪ್ತನ ನಿಘಂಟು ನಿಷೇಧಕ್ಕೊಳಗಾಯಿತು.

ಮುಂದಿನ ಮೂವತ್ತು ವರ್ಷಗಳನ್ನು ಬೇಗ ದಾಟುತ್ತೇನೆ. ಚಾರ್ಲ್ಸ್ ರಾಜನ ಕಾಲಕ್ಕೆ ವಿಲಿಯಂ ಲಾಡ್ ಆರ್ಚ್‌ಬಿಷಪ್ ಆಗಿದ್ದರು. 1637ರ ಜೂನ್ 30ರಂದು ಲಂಡನ್ನಿನಲ್ಲಿ ಮೂವರ ಕಿವಿ ಕತ್ತರಿಸಿದರು. ವಕೀಲ ವಿಲಿಯಂ ಪ್ರಿನ್, ಪಾದ್ರಿ ಹೆನ್ರಿ ಬರ್ಟನ್, ವೈದ್ಯ ಜಾನ್ ಬ್ಯಾಸ್ಟ್‌ವಿಕ್. ಬಿಷಪ್ಪರ ವಿರುದ್ಧ ಬರೆದದ್ದು ಅಪರಾಧ. ಪ್ರಿನ್‌ನ ಕಿವಿಗೆ 1634ರಲ್ಲೇ ಒಮ್ಮೆ ಕತ್ತರಿ ಬಿದ್ದಿತ್ತು. ಈ ಸಲ ಉಳಿದದ್ದನ್ನೂ ಕತ್ತರಿಸಿ ಕೆನ್ನೆಗೆ ಬರೆ ಎಳೆದರು.

ಅದೇ ಡಿಸೆಂಬರಿನಲ್ಲಿ ಜಾನ್ ಲಿಲ್ಬರ್ನ್ ಎಂಬ ಹುಡುಗ ಸಿಕ್ಕಿಬಿದ್ದ. ಬಟ್ಟೆ ವ್ಯಾಪಾರಿಯ ಬಳಿ ಕೆಲಸ ಕಲಿತವನು, ಇಪ್ಪತ್ತಮೂರರ ಆಸುಪಾಸಿನ ಪ್ರಾಯ. ಹಾಲೆಂಡಿನಿಂದ ನಿಷಿದ್ಧ ಪುಸ್ತಕಗಳನ್ನು ತರಿಸಿದನೆಂಬ ಆಪಾದನೆ. ಇದು ಸ್ಟಾರ್ ಚೇಂಬರ್ ಕೋರ್ಟು, ಚರ್ಚಿನದಲ್ಲ. ಆದರೆ ಪ್ರಮಾಣ ಅದೇ ಜಾತಿಯದು. ಲಿಲ್ಬರ್ನ್ ಪ್ರಮಾಣ ಮಾಡಲಿಲ್ಲ. ಅವನ ಜೊತೆ ನಿಂತ ಜಾನ್ ವಾರ್ಟನ್‌ಗೆ ಎಂಬತ್ತು ದಾಟಿತ್ತು, ಆ ಮುದುಕನೂ ಮಾಡಲಿಲ್ಲ. 1638ರ ಏಪ್ರಿಲ್‌ನಲ್ಲಿ ಲಿಲ್ಬರ್ನ್‌ನನ್ನು ಗಾಡಿಯ ಹಿಂದೆ ಕಟ್ಟಿ, ಫ್ಲೀಟ್ ಸೆರೆಮನೆಯಿಂದ ವೆಸ್ಟ್‌ಮಿನ್‌ಸ್ಟರ್ ತನಕ ದಾರಿಯುದ್ದಕ್ಕೂ ಚಾಟಿಯಿಂದ ಹೊಡೆದರು. ಕೊನೆಗೆ ಕಟ್ಟಿಗೆಯ ಚೌಕಟ್ಟಿನಲ್ಲಿ ಕತ್ತು ಸಿಕ್ಕಿಸಿ ನಿಲ್ಲಿಸಿದರು. ಅಲ್ಲಿಂದಲೇ ಅವನು ಭಾಷಣ ಶುರು ಮಾಡಿದ. ಬಾಯಿಗೆ ಬಟ್ಟೆ ತುರುಕಬೇಕಾಯಿತು.

1641ರ ಜುಲೈಯಲ್ಲಿ ಸಂಸತ್ತು ಹೈ ಕಮಿಷನ್ ಮತ್ತು ಸ್ಟಾರ್ ಚೇಂಬರ್ ಎರಡನ್ನೂ ರದ್ದು ಮಾಡಿತು. ಎಕ್ಸ್ ಅಫಿಷಿಯೊ ಪ್ರಮಾಣವನ್ನು ನಿಷೇಧಿಸಿತು. 1661ರಲ್ಲಿ ಚರ್ಚ್ ಕೋರ್ಟುಗಳಿಗೆ ಮರುಜೀವ ಬಂದಾಗಲೂ ಹೈ ಕಮಿಷನ್ ಬರಲಿಲ್ಲ, ಆ ಪ್ರಮಾಣವೂ ಬರಲಿಲ್ಲ.

ಆದರೆ ಗೆದ್ದವರ ನಡವಳಿಕೆ ಹೇಗಿತ್ತು? ಸೆರೆಯಲ್ಲಿದ್ದ ಲಾಡ್‌ರ ಕೋಣೆಗೆ 1643ರಲ್ಲಿ ಬೆಳಗಿನ ಜಾವ ನುಗ್ಗಿ, ಅವರ ಕಾಗದಪತ್ರ, ದಿನಚರಿಯನ್ನೆಲ್ಲ ಎತ್ತಿಕೊಂಡು ಹೋದವನು ಇದೇ ಕಿವಿಯಿಲ್ಲದ ಪ್ರಿನ್. ಲಾಡ್‌ರ ಬಾಯಿಂದ ಪ್ರಮಾಣದ ಮೇಲೆ ಏನನ್ನೂ ಹೇಳಿಸಬೇಕಾಗಲಿಲ್ಲ, ಅವರ ದಿನಚರಿಯೇ ಅವರ ವಿರುದ್ಧ ಸಾಕ್ಷಿಯಾಯಿತು. 1645ರ ಜನವರಿ 10ರಂದು ಅವರ ತಲೆ ಕಡಿದರು. ಲಿಲ್ಬರ್ನ್‌ನನ್ನು ಅದೇ ಸಂಸತ್ತು ಮತ್ತೆ ಮತ್ತೆ ಹಿಡಿದು ಪ್ರಶ್ನಿಸಿತು. ಅಲ್ಲಿಯೂ ಅವನು ಬಾಯಿ ಬಿಡಲಿಲ್ಲ.

ಇತಿಹಾಸಕಾರರು ಈ ಕಥೆಗೆ ಒಂದು ತಿದ್ದುಪಡಿ ಸೂಚಿಸಿದ್ದಾರೆ. 1641ರಲ್ಲಿ ಎಲ್ಲ ಆರೋಪಿಗಳಿಗೂ ಮೌನದ ಹಕ್ಕು ಸಿಕ್ಕಿಬಿಟ್ಟಿತು ಎಂದುಕೊಳ್ಳಬಾರದು. ಕಳ್ಳತನದಂಥ ಮಾಮೂಲು ಕೇಸಿನಲ್ಲಿ ವಕೀಲನೇ ಇಲ್ಲದ ಬಡವ ತಾನೇ ಮಾತಾಡಿ ಬಚಾವಾಗಬೇಕಿತ್ತು. ಅವನ ಮೌನಕ್ಕೆ ಬೆಲೆ ಬಂದದ್ದು 18ನೇ ಶತಮಾನದಲ್ಲಿ ಆರೋಪಿಯ ಪರ ವಕೀಲರು ಬರತೊಡಗಿದ ಮೇಲೆ ಎನ್ನುತ್ತಾರೆ. ಈ ವಾದ ನನಗೆ ಸರಿ ಅನಿಸುತ್ತದೆ. ಮೌನವಾಗಿರಬೇಕಾದರೂ ಪರವಾಗಿ ಮಾತಾಡುವವನೊಬ್ಬ ಬೇಕು.

ಇನ್ನು ನಮ್ಮ ಕಡೆಗೆ ಬರೋಣ. ಆರೋಪಿಯನ್ನು ಅವನ ವಿರುದ್ಧವೇ ಸಾಕ್ಷಿಯಾಗುವಂತೆ ಬಲವಂತಪಡಿಸಬಾರದು ಎನ್ನುತ್ತದೆ ನಮ್ಮ ಸಂವಿಧಾನದ 20(3)ನೇ ವಿಧಿ. 1954ರಲ್ಲಿ ಸುಪ್ರೀಂ ಕೋರ್ಟಿನ ಎಂಟು ನ್ಯಾಯಮೂರ್ತಿಗಳ ಪೀಠ ಎಂ.ಪಿ. ಶರ್ಮ ಪ್ರಕರಣದಲ್ಲಿ ಈ ವಿಧಿಯ ಮೂಲ ವಿವರಿಸುವಾಗ ಚಾಟಿಯೇಟು ತಿಂದ ಲಿಲ್ಬರ್ನ್‌ನ ಹೆಸರನ್ನೇ ಎತ್ತಿತು. 2000ದ ಬಳಿಕ ಬೆಂಗಳೂರಿನ ವಿಧಿವಿಜ್ಞಾನ ಪ್ರಯೋಗಾಲಯ ಮಂಪರು ಪರೀಕ್ಷೆಗೆ ದೇಶದಲ್ಲೇ ಹೆಸರಾಯಿತು. ಚುಚ್ಚುಮದ್ದು ಕೊಟ್ಟು, ಅರೆಪ್ರಜ್ಞೆಯಲ್ಲಿ ಪ್ರಶ್ನೆ ಕೇಳುವುದು. ಆ ದೃಶ್ಯಗಳು ಟೀವಿಯಲ್ಲೂ ಬಂದವು, ನಾವೂ ಮನೆಯಲ್ಲಿ ಕುಳಿತು ನೋಡಿದೆವು. ‘ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ’ ಪ್ರಕರಣದಲ್ಲಿ 2010ರ ಮೇ 5ರಂದು ಸುಪ್ರೀಂ ಕೋರ್ಟು, ಒಪ್ಪಿಗೆಯಿಲ್ಲದೆ ಮಂಪರು ಪರೀಕ್ಷೆ, ಸುಳ್ಳು ಪತ್ತೆ ಪರೀಕ್ಷೆ, ಮೆದುಳು ಪರೀಕ್ಷೆ ಮಾಡುವಂತಿಲ್ಲ ಎಂದು ಹೇಳಿತು. ಕಾರ್ಟ್‌ರೈಟ್‌ಗೆ ಪ್ರಮಾಣ ಮಾಡೆನು ಎನ್ನುವ ಆಯ್ಕೆಯಾದರೂ ಇತ್ತು. ಸೂಜಿ ಚುಚ್ಚಿಸಿಕೊಂಡವನಿಗೆ ಅದೂ ಇರುವುದಿಲ್ಲ.

ಮುಗಿಸುವ ಮುನ್ನ ನನ್ನದೇ ಒಂದು ಸಂಗತಿ. ಈ ಭಾಷಣಕ್ಕೆ ತಯಾರಿ ಮಾಡಿಕೊಳ್ಳುವಾಗ ನನ್ನ ಹಳೆಯ ವರದಿಗಳ ಕಡತ ತೆಗೆದು ನೋಡಿದೆ. ‘ಆರೋಪಿ ತನಿಖೆಗೆ ಸಹಕರಿಸುತ್ತಿಲ್ಲ ಎಂದು ಪೊಲೀಸ್ ಮೂಲಗಳು ತಿಳಿಸಿವೆ’ ಎಂಬ ವಾಕ್ಯ ಒಂದೇ ವರ್ಷದಲ್ಲಿ ಒಂಬತ್ತು ಕಡೆ ಸಿಕ್ಕಿತು. ಸಹಕರಿಸುತ್ತಿಲ್ಲ ಎಂದರೆ ಏನು ಎಂದು ನಾನು ಒಮ್ಮೆಯೂ ಠಾಣೆಯಲ್ಲಿ ಕೇಳಿರಲಿಲ್ಲ. ಕಳೆದ ವಾರ ಅದೇ ಮಾತು ಮತ್ತೆ ಬಂದಾಗ ಕೇಳಿದೆ. ‘ಏನು ಕೇಳಿದರೂ ಸುಮ್ಮನೆ ಕೂತಿದ್ದಾನೆ ಸಾರ್’ ಎಂದರು. ಆ ಸಾಲನ್ನು ಬಿಟ್ಟು ವರದಿ ಕಳಿಸಿದೆ. ಬೆಳಿಗ್ಗೆ ಪತ್ರಿಕೆ ಬಿಡಿಸಿದರೆ ಡೆಸ್ಕಿನಲ್ಲಿ ಯಾರೋ ಅದನ್ನು ಸೇರಿಸಿದ್ದರು.